ಉಡಿಗೆ ಬಿದ್ದ ಆಣೆ

ಜಡ್ಜ್ ಸಾಹೇಬರು ಕೇಳಿದ್ದಕ್ಕೆಲ್ಲ ಕಾಳವ್ವ ಹೂಂ ಅಂದಿದ್ದಳು. ಸಾರಾಯಿ ಕಾಸಿದ್ದು ನೀನೇನಾ? ಹೂಂ. ಮಾರಿದ್ದೂ ನೀನೇನಾ? ಹೂಂ. ನಿನ್ನ ಜೊತೆ ಇನ್ನು ಯಾರಿದ್ದರು? ಯಾರೂ ಇಲ್ಲ. ನಡುವೆ ನಿಂತು ಅರಬ್ಬಿಯನ್ನು ಹಿಂದಿ ಮಾಡಿ, ಹಿಂದಿಯನ್ನು ಅರಬ್ಬಿ ಮಾಡಿ ಹೇಳುತ್ತಿದ್ದ ಮನುಷ್ಯನಿಗೇ ಕನಿಕರ ಬಂದು, “ಸೋಚ್ ಕೆ ಬೋಲೋ ಅಮ್ಮಾ” ಎಂದು ಪಿಸುಗುಟ್ಟಿದ್ದ. ಕಾಳವ್ವ ಯೋಚನೆ ಮಾಡಿಯೇ ಹೇಳುತ್ತಿದ್ದಳು. ಆ ದಿನ ಆ ಕೋಣೆಯಲ್ಲಿ ಅವಳಷ್ಟು ಯೋಚನೆ ಮಾಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಮೂರು ವರ್ಷ ಜೈಲು, ಆಮೇಲೆ ಗಡೀಪಾರು ಎಂದು ತೀರ್ಪಾಯಿತು. ಅದಕ್ಕೂ ಆಕೆ ಹೂಂ ಅಂದಳು.

ಅದು ೨೦೧೪ನೇ ಇಸವಿ. ಕುವೈತಿನ ಸುಲೈಬಿಯಾದ ಹೆಂಗಸರ ಜೈಲಿನಲ್ಲಿ ಫಿಲಿಪ್ಪೀನಿನವರು, ಸಿಂಹಳದವರು, ಇಥಿಯೋಪಿಯಾದವರು, ಆಂಧ್ರದವರು ಎಲ್ಲರೂ ಇದ್ದರು. ಕನ್ನಡದವಳು ಇವಳೊಬ್ಬಳೇ. ಹೊಸದಾಗಿ ಬಂದವರು ವಾರಗಟ್ಟಲೆ ಅಳುತ್ತಾರೆ ಎಂದು ಅಲ್ಲಿನ ಹಳಬರು ಕಾದರು. ಇವಳು ಅಳಲಿಲ್ಲ. ಬಂದ ಮೊದಲ ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿದವಳು ಬೆಳಗಾದರೂ ಏಳದಿದ್ದಾಗ ಸತ್ತೇಹೋದಳೇನೋ ಎಂದು ಪಕ್ಕದವಳು ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದಳಂತೆ. ಎರಡು ವರ್ಷದಿಂದ ಗ್ಯಾಸಿನ ಉರಿ, ಹುಳಿತ ದ್ರಾಕ್ಷಿಯ ನಾತ, ಯಾವಾಗ ಬಾಗಿಲು ತೆಗೆದು ಯಾರು ಒಳಗೆ ಬರುತ್ತಾರೋ ಎನ್ನುವ ಭಯ. ಇವು ಯಾವುವೂ ಇಲ್ಲದ ಮೊದಲ ರಾತ್ರಿ ಅದು. ನಿದ್ದೆ ಬರದೇ ಏನು ಮಾಡೀತು!

ಅವಳು ಕುಷ್ಟಗಿ ಕಡೆಯವಳು. ಗಂಡ ಫಕೀರಪ್ಪ ಲಾರಿ ಓಡಿಸುತ್ತಿದ್ದ. ಸೊಲ್ಲಾಪುರದ ದಾರಿಯಲ್ಲಿ ಅವನಿಗೆ ಇನ್ನೊಂದು ಮನೆ ಇದೆ ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ಕಡೆಯದಾಗಿ ಇವಳಿಗೆ ಗೊತ್ತಾಯಿತು. ಒಂದು ಸಲ ಹೋದವನು ತಿರುಗಿ ಬರಲಿಲ್ಲ. ಕಾಳವ್ವ ಮಗಳು ನೀಲವ್ವನನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದಳು. ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ನಿಂತಳು. ಅಲ್ಲಿಗೆ ತರಕಾರಿ ಹಾಕಲು ಬರುತ್ತಿದ್ದವನು, ಕುವೈತಿನಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಅಡುಗೆಯಷ್ಟೇ ಕೆಲಸ ಎಂದ. ನೀಲವ್ವನನ್ನು ಹುಬ್ಬಳ್ಳಿಯಲ್ಲೇ ಇದ್ದ ತಂಗಿಯ ಮನೆಯಲ್ಲಿ ಬಿಟ್ಟು ವಿಮಾನ ಹತ್ತಿದಳು.

ಜಹ್ರಾದ ಆ ಮನೆ ಮೂರು ಅಂತಸ್ತಿನದು, ಅಂತಸ್ತಿಗೊಂದು ಸಂಸಾರ. ಇಳಿದ ದಿನವೇ ಪಾಸ್‌ಪೋರ್ಟು ಮನೆಯ ಯಜಮಾನನ ಕಪಾಟು ಸೇರಿತು. ಅವನೇ ಅವಳ ಕಫೀಲ್. ಅವನ ಹೆಸರಿನ ಮೇಲೆಯೇ ಅವಳು ಈ ದೇಶದಲ್ಲಿ ಇರಬೇಕು. ಬೈದರು, ಬಡಿದರು, ಅದನ್ನೆಲ್ಲ ಅವಳು ಸಹಿಸಿದ್ದಳು. ಆದರೆ ರಂಜಾನ್ ತಿಂಗಳಲ್ಲಿ ಮದುವೆಮನೆಗೆ ಕೊಪ್ಪರಿಗೆ ಎರವಲು ಕೊಟ್ಟಂತೆ ಅವಳನ್ನು ಯಜಮಾನಿಯ ನಾದಿನಿಯ ಮನೆಗೆ ಕೊಟ್ಟರು. ಆ ನಾದಿನಿ ತನ್ನ ಅಕ್ಕನ ಮನೆಗೆ ಕೊಟ್ಟಳು. ಆ ಮನೆಯವರು ಊಟಕ್ಕೆ ಕೊಡುವುದನ್ನೇ ಮರೆತರು. ಎರವಲು ತಂದ ಪಾತ್ರೆಗೆ ಊಟ ಯಾರು ಹಾಕುತ್ತಾರೆ? ಒಂದು ಮಧ್ಯಾಹ್ನ ಕಸದ ಚೀಲ ಹಿಡಿದು ಹೊರಗೆ ಬಂದವಳು ಚೀಲವನ್ನು ಡಬ್ಬಿಗೆ ಹಾಕಿ, ಹಾಗೇ ನಡೆದುಬಿಟ್ಟಳು.

ಟ್ಯಾಕ್ಸಿಯವನೊಬ್ಬ ಅವಳ ಅವಸ್ಥೆ ನೋಡಿ ಅಬ್ಬಾಸಿಯಾಕ್ಕೆ ತಂದು ಇಳಿಸಿದ. “ಯಹಾಂ ಸಬ್ ಇಂಡಿಯಾ ಹೈ” ಎಂದ. ಇಂಡಿಯಾ ಏನೋ ಹೌದು, ಆದರೆ ಎಲ್ಲ ಮಲಯಾಳ, ತೆಲುಗು. ಮೆಂತ್ಯ, ಕರಿಬೇವು ಹರಡಿಕೊಂಡ ತರಕಾರಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅವಳು ಅತ್ತಳು. ಆಗ ಹಿಂದಿನಿಂದ ಒಂದು ದನಿ.

“ಯಾವೂರವ್ವಾ ನಿಂದು? ನೀ ಅಳೂ ರೀತಿ ನೋಡಿದರ ನಮ್ಮ ಕಡೇಕಿ ಇದ್ದಂಗ ಕಾಣತೈತಿ.”

ವರ್ಷವಾಗಿತ್ತು ಆ ಮಾತು ಕಿವಿಗೆ ಬಿದ್ದು. ತಂಗಿಗೆ ಫೋನು ಮಾಡುವಾಗಲೂ ಯಜಮಾನಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಬಾಯಿ ತುಂಬಾ ಮಾತಾಡಿದ್ದೇ ಇಲ್ಲ. ತಿರುಗಿ ನೋಡಿದರೆ ಹಣೆ ತುಂಬ ಕುಂಕುಮವಿಟ್ಟ, ನಲವತ್ತು ದಾಟಿದ ಹೆಂಗಸು. ಸಾವಂತ್ರಕ್ಕ. ಸವದತ್ತಿ ಹತ್ತಿರದ ಹಳ್ಳಿಯವಳು. ಅವಳು ಏಳು ಎನ್ನುವ ಮೊದಲೇ ಕಾಳವ್ವ ಎದ್ದು ಅವಳ ಹಿಂದೆ ಹೊರಟಿದ್ದಳು.

ಆ ರಾತ್ರಿ ಸಾವಂತ್ರಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕಾಳವ್ವ ಎಷ್ಟು ತಿಂದಳೋ ಅವಳಿಗೇ ಗೊತ್ತಿಲ್ಲ. ಉಂಡ ಮೇಲೆ ಸಾವಂತ್ರಕ್ಕ ಅವಳನ್ನು ಗೋಡೆಯ ಮೇಲಿನ ಎಲ್ಲಮ್ಮನ ಫೋಟೋದ ಮುಂದೆ ಕೂಡಿಸಿ, ಭಂಡಾರದ ಬಟ್ಟಲು ಎದುರಿಗಿಟ್ಟಳು. ದೇವಿಯ ಹಳದಿ ಪುಡಿ, ಗುಡ್ಡದಿಂದಲೇ ತಂದದ್ದು.

“ನಿನ್ನ ಕಫೀಲ್ ಪೋಲೀಸರಿಗೆ ಬರದು ಕೊಟ್ಟಿರತಾನ, ಓಡಿಹೋಗ್ಯಾಳ ಅಂತ. ನಿನ್ನ ಇಟಗೊಂಡರ ನಮ್ಮ ಕುತ್ತಿಗಿಗೂ ಬರತೈತಿ. ಈ ಮನಿ ಸುದ್ದಿ, ನಮ್ಮ ಹೆಸರು, ಹೊರಗ ಬೀಳಬಾರದು. ಭಂಡಾರ ಮುಟ್ಟಿ ಹೇಳು.”

“ಬೀಳೂದಿಲ್ಲಕ್ಕಾ.”

“ಬಿದ್ದರ? ಮಗಳ ಹೆಸರು ಹಿಡದು ಹೇಳು.”

ಕಾಳವ್ವ ಮಗಳ ಹೆಸರು ಹಿಡಿದು ಹೇಳಿದಳು. ಬಿದ್ದರೆ ತಾಯಿ ನೀಲವ್ವನ ಮೇಲೆ ಮುನಿಯಲಿ ಎಂದಳು. ಉಂಡ ಕೈ ಇನ್ನೂ ಒಣಗಿರಲಿಲ್ಲ. ಆಶ್ರಯ ಕೊಟ್ಟವರು ಇಷ್ಟು ಕೇಳುವುದು ನ್ಯಾಯವೇ ಎಂದು ಅವಳಿಗೆ ಅನ್ನಿಸಿತ್ತು.

ಎರಡು ದಿನ ಕಳೆದ ಮೇಲೆ ಬಚ್ಚಲುಮನೆಯ ನೀಲಿ ಪೀಪಾಯಿಗಳು ಯಾತಕ್ಕೆಂದು ತಿಳಿಯಿತು. ಒಣದ್ರಾಕ್ಷಿ, ಸಕ್ಕರೆ, ಈಸ್ಟು ಹಾಕಿ ಕೊಳೆಸಿ, ಗ್ಯಾಸಿನ ಮೇಲೆ ಕಾಸಿ ಇಳಿಸುವುದು. ಕಿಟಕಿಗಳಿಗೆಲ್ಲ ಒಳಗಿನಿಂದ ರಟ್ಟು ಬಡಿದಿತ್ತು. ಸಾವಂತ್ರಕ್ಕ ಮತ್ತು ಅವಳ ಜೊತೆಗಿದ್ದ ಗಂಡಸು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದರು. ಇದು ನನ್ನಿಂದ ಆಗುವುದಿಲ್ಲ ಎಂದದ್ದಕ್ಕೆ ಆ ಗಂಡಸು ಗ್ಯಾಸಿನ ಪೈಪಿನಿಂದ ಬಾರಿಸಿದ. ಸಾವಂತ್ರಕ್ಕ ಬಡಿಯುತ್ತಿರಲಿಲ್ಲ. ಬಾಸುಂಡೆಗೆ ಎಣ್ಣೆ ಹಚ್ಚುತ್ತಲೇ, “ಹೋಗವಾ, ಯಾರು ಬ್ಯಾಡಂತಾರ? ಈ ದೇಶದಾಗ ಇರಾಕ ಇಕಾಮಾ ಕಾಗದ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಪೋಲೀಸರು ಕೇಳಿದರ ಎಲ್ಲಿದ್ದಿ ಅಂತ ಹೇಳಬೇಕಾಗತೈತಿ. ಹೇಳತೀಯೇನು?” ಎನ್ನುತ್ತಿದ್ದಳು. ಎಣ್ಣೆ ಹಚ್ಚುವ ಕೈ ಮೆತ್ತಗಿರುತ್ತಿತ್ತು. ಕಾಳವ್ವನಿಗೆ ಪೈಪಿಗಿಂತ ಆ ಕೈಯೇ ಹೆಚ್ಚು ಹೆದರಿಕೆ.

ಪೋಲೀಸರು ಬಂದ ದಿನ ಅವಳೊಬ್ಬಳೇ ಒಳಗಿದ್ದಳು. ಬಾಗಿಲು ಮುರಿದು ಬಂದರು. ಸಾವಂತ್ರಕ್ಕನಿಗೆ ಸುಳಿವು ಮೊದಲೇ ಸಿಕ್ಕಿತ್ತೋ ಏನೋ. ಆ ವಾರದಲ್ಲೇ ಇಬ್ಬರೂ ಊರಿಗೆ ಹಾರಿದ್ದರು.

ಜೈಲಿಗೆ ಮೊದಲು ಬಂದವನು ಕ್ಲೆಮೆಂಟ್. ಮಂಗಳೂರಿನವನು. ಕುವೈತಿ ವಕೀಲೆಯೊಬ್ಬಳ ಕಚೇರಿಯಲ್ಲಿ ಕೋರ್ಟು, ಠಾಣೆ ಎಂದು ಓಡಾಡುವ ಕೆಲಸ ಅವನದು. ಆ ವಕೀಲೆ ಇಂಥ ಹೆಂಗಸರ ಪರವಾಗಿ ಬಿಟ್ಟಿಯಾಗಿ ಅಪೀಲು ಹಾಕುತ್ತಿದ್ದಳು. ಹಿಂದಿನ ವರ್ಷವಷ್ಟೇ ಆ ದೇಶದಲ್ಲಿ ಮನುಷ್ಯರ ಸಾಗಾಟದ ವಿರುದ್ಧ ಒಂದು ಕಾನೂನು ಬಂದಿತ್ತು. ಒಬ್ಬಳನ್ನು ಕೂಡಿಹಾಕಿ, ಹೆದರಿಸಿ ತಪ್ಪು ಮಾಡಿಸಿದರೆ ಆ ತಪ್ಪು ಅವಳದಲ್ಲ ಎಂದು ಮೇಲಿನ ಕೋರ್ಟಿನ ಮುಂದೆ ವಾದಿಸಬಹುದು ಎಂಬುದು ವಕೀಲೆಯ ಯೋಚನೆ.

“ನೋಡಿ ಕಾಳಮ್ಮ, ಗಡುವು ಮುಗಿಯುವುದರೊಳಗೆ ಅಪೀಲು ಹಾಕಿ ಆಗಿದೆ,” ಎಂದ ಕ್ಲೆಮೆಂಟ್. “ಇನ್ನು ನೀವು ಬಾಯಿ ಬಿಡಬೇಕು. ಬಾಗಿಲು ಮುರಿದದ್ದು ಅಂತ ಪೋಲೀಸರೇ ಬರೆದಿದ್ದಾರೆ. ಒಳಗಿದ್ದವರು ಹೊರಗಿಂದ ಬೀಗ ಹಾಕಿಕೊಳ್ಳಲಿಕ್ಕೆ ಆಗ್ತದಾ? ಯಾರು ಹಾಕಿದ್ದು, ಅಷ್ಟು ಹೇಳಿ ಸಾಕು.”

“ನಿಮ್ಮ ಕನ್ನಡ ಸಾಲಿ ಪುಸ್ತಕದಾಗಿಂದು ಇದ್ದಂಗೈತ್ರೀ,” ಎಂದಳು ಕಾಳವ್ವ.

“ಎಂಥ ಮಾರಾಯ್ರೆ! ನಾನು ಜೈಲಿಂದ ಬಿಡಿಸುವ ಮಾತಾಡಿದ್ರೆ ನೀವು ನನ್ನ ಕನ್ನಡಕ್ಕೆ ಮಾರ್ಕ್ಸ್ ಕೊಡ್ತೀರಲ್ಲ!”

ಕಾಳವ್ವ ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ, ಬೀಗದ ಸುದ್ದಿ ತನಗೆ ಗೊತ್ತಿಲ್ಲ ಎಂದಳು.

ತನ್ನ ಮಾತು ಆಕೆಗೆ ನಾಟುತ್ತಿಲ್ಲ ಎಂದುಕೊಂಡ ಕ್ಲೆಮೆಂಟ್ ಮುಂದಿನ ಸಲ ಶ್ರುತಿಯನ್ನು ಕರೆತಂದ. ಹುಬ್ಬಳ್ಳಿಯ ಹುಡುಗಿ. ಗಂಡ ರಿಫೈನರಿಯಲ್ಲಿ ಇಂಜಿನಿಯರ್, ಮಂಗಫ್‌ನಲ್ಲಿ ಮನೆ. ವಕೀಲರ ಭೇಟಿಯ ಕೋಣೆಗೆ ಬಂದವಳೇ ಚೀಲಕ್ಕೆ ಕೈ ಹಾಕಿ, ಮೊಬೈಲು ಗೇಟಿನಲ್ಲೇ ಇಸಿದುಕೊಂಡಿದ್ದಾರೆ ಎಂದು ನೆನಪಾಗಿ ಕೈ ಹೊರಗೆ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಚೀಲ, ಅದೇ ಕೈ.

“ಮನ್ಯಾಗ ಕೂಸು ಐತೇನ್ರಿ ಬಾಯಾರ?” ಎಂದಳು ಕಾಳವ್ವ.

ಶ್ರುತಿ ಬೆಚ್ಚಿದಳು. “ಹ್ಯಾಂಗ ಗೊತ್ತಾತು? ಹೌದ್ರೀ, ಮಗ. ಮೂರು ವರ್ಷದವ. ನೆರಮನಿ ರಶೀನಾ ಅವರ ಕಡೆ ಬಿಟ್ಟು ಬಂದೀನಿ. ಅವಗ ವೀಜಿಂಗ್ ಐತಿ, ಅಂದ್ರ ಧೂಳಿಗೆ ಎದಿ ಗೊರ್ ಗೊರ್ ಅಂತೈತಿ. ಪಂಪ್ ಎಲ್ಲೈತಿ ಅಂತ ತೋರಿಸಿ ಬಂದೀನಿ, ಆದ್ರ ಅವರಿಗೆ ಟೈಮಿಗೆ ಸಿಗಲಿಲ್ಲಂದ್ರ...” ಹೇಳುತ್ತಾ ಹೇಳುತ್ತಾ ತನ್ನ ಮಾತಿಗೆ ತಾನೇ ಗಾಬರಿಯಾಗಿ, ನಿಲ್ಲಿಸಿದಳು.

ಕಾಳವ್ವನಿಗೆ ಅವಳು ಹಿಡಿಸಿದಳು. ಊರ ಮಾತಿನ ಒಬ್ಬಳು ಹೆಂಗಸು ಹಿಂದೆಯೂ ಹಿಡಿಸಿದ್ದಳು ಎಂಬುದು ಮರುಗಳಿಗೆಗೆ ನೆನಪಾಯಿತು. ಆದರೂ ಈ ಹುಡುಗಿಯ ಕೈಗಳನ್ನು ನೋಡಿದರೆ ಯಾರನ್ನೂ ಕೂಡಿಹಾಕುವ ಕೈಗಳ ಹಾಗೆ ಕಾಣಲಿಲ್ಲ. ಇಲ್ಲದ ಮೊಬೈಲನ್ನು ಹುಡುಕುತ್ತಾ ಅವು ಚೀಲದಲ್ಲಿ ಪರದಾಡುತ್ತಿದ್ದವು. ಮೂರನೆಯ ಭೇಟಿಯಲ್ಲಿ ಕಾಳವ್ವ ಆಣೆಯ ಸಂಗತಿ ಹೇಳಿದಳು. ಹೆಸರು ಹೇಳಲಿಲ್ಲ. ಯಾರು ಮಾಡಿಸಿದರು ಎಂದು ಹೇಳಲಿಲ್ಲ. ಭಂಡಾರ ಮುಟ್ಟಿದ್ದು, ಮಗಳ ಹೆಸರು ಹಿಡಿದಿದ್ದು, ಅಷ್ಟೇ.

ಶ್ರುತಿ ಬಾಯಿ ತೆರೆದುಕೊಂಡು ಕೇಳಿದಳು. “ಇಷ್ಟ ಏನ್ರೀ ಅಕ್ಕಾ? ಇದಕ್ಕ ಮೂರು ವರ್ಷ ಜೈಲಿನಾಗ ಇರತೀರಾ? ಮೋಸ ಮಾಡಿ ತಗೊಂಡ ಆಣಿಗೆ ದೇವರು ಒಪ್ಪತಾನೇನು?”

“ದೇವರಿಗೆ ಮೋಸ ಗೊತ್ತಿರತೈತಿ. ಆಣಿಗೆ ಗೊತ್ತಿರೂದಿಲ್ಲ. ಮಾಡಿದ ಆಣಿ ಮಾಡಿದ್ದ.”

“ಹಂಗಾದ್ರ ಬಿಡಿಸಾಕ ಏನೂ ದಾರಿ ಇಲ್ಲೇನು?”

“ಎರಡು ಅದಾವು. ಮಾಡಿಸಿದಾಕಿ ತಾನ ಅದನ್ನ ಬಿಚ್ಚಬೇಕು. ಇಲ್ಲಾಂದರ ಮಕ್ಕಳಿದ್ದ ಇನ್ನೊಬ್ಬ ತಾಯಿ ಉಡಿ ಒಡ್ಡಿ ತಗೋಬೇಕು. ಆಗ ಆಣಿ ಆಕಿ ಉಡಿಗೆ ಬೀಳತೈತಿ. ಮುನಿಸೂ ಅಲ್ಲೇ.”

“ಅಷ್ಟ ತಾನ? ಕೊಡ್ರಿ. ನಾನ ತಗೋತೀನಿ,” ಎಂದು ಶ್ರುತಿ ಕೈಯನ್ನೇ ಚಾಚಿದಳು.

“ಬ್ಯಾಡ್ರಿ.”

“ಯಾಕ?”

“ಬಸ್ಸಿನಾಗ ಟಿಕೀಟು ಇಸಗೊಂಡಂಗ ಕೇಳತೀರಿ ನೀವು. ನಂಬದವರು ತಗೊಂಡರ ಅದು ಹೋಗೂದಿಲ್ಲ. ನನ್ನ ಮಗಳ ತಲಿಮ್ಯಾಗ ಇರತೈತಿ.”

ಶ್ರುತಿ ಕೈ ಹಿಂದಕ್ಕೆಳೆದುಕೊಂಡಳು. ಮುಖ ಕೆಂಪಾಯಿತು. ಚೀಲ ಎತ್ತಿಕೊಂಡು ಹೊರಟುಹೋದಳು. ಇನ್ನು ಬರಲಾರಳು ಎಂದುಕೊಂಡ ಕಾಳವ್ವ ಬ್ಯಾರಕ್ಕಿಗೆ ಹೋಗಿ ಬಟ್ಟೆ ಒಗೆಯಲು ಕುಳಿತಳು. ವಿಚಾರಣೆಯ ದಿನ ಹತ್ತಿರ ಬರುತ್ತಿತ್ತು. ನೀಲವ್ವನ ಮುಖ ನೆನೆಸಿಕೊಂಡರೆ ಬರುತ್ತಿದ್ದುದು ಬಿಟ್ಟು ಬಂದಾಗಿನ ಮುಖ, ಎರಡು ಜಡೆ, ಮುರಿದ ಮುಂದಿನ ಹಲ್ಲು. ಈಗ ಅವಳು ದೊಡ್ಡವಳಾಗಿರಬೇಕು. ತಂಗಿ ಕಳಿಸಿದ ಕಡೆಯ ಸುದ್ದಿಯಲ್ಲಿ, ತನ್ನ ಗಂಡನಿಗೆ ಹುಡುಗಿ ಮನೆಯಲ್ಲಿರುವುದು ಭಾರವಾಗುತ್ತಿದೆ, ಎಲ್ಲಾದರೂ ಮದುವೆ ನೋಡೋಣ ಎನ್ನುತ್ತಿದ್ದಾನೆ ಎಂದಿತ್ತು. ಹದಿಮೂರು ವರ್ಷದ ಹುಡುಗಿಗೆ! ತಾನು ಹೋಗದಿದ್ದರೆ ಯಾವನಿಗೋ ಕಟ್ಟುತ್ತಾರೆ. ಹೋಗಬೇಕೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಹುಡುಗಿಯೇ ಉಳಿಯುವುದಿಲ್ಲ. ಬಟ್ಟೆ ಹಿಂಡುತ್ತಾ ಹಿಂಡುತ್ತಾ ಅವಳು ಇದನ್ನೇ ತಿರುವಿ ಮುರುವಿ ನೋಡುತ್ತಿದ್ದಳು. ಯಾವ ಕಡೆಯಿಂದ ಹಿಡಿದರೂ ಬಟ್ಟೆಯಲ್ಲಿ ನೀರು ಉಳಿಯುತ್ತಿತ್ತು.

ವಿಚಾರಣೆಗೆ ಎರಡು ದಿನ ಇರುವಾಗ ಶ್ರುತಿ ಬಂದಳು. ಜೊತೆಗೆ ಕ್ಲೆಮೆಂಟ್ ಇದ್ದ. ಅವಳು ಸೀರೆ ಉಟ್ಟಿದ್ದಳು. ರೂಢಿಯಿಲ್ಲದ ಸೀರೆ, ಎಲ್ಲೆಲ್ಲೋ ಪಿನ್ನು ಚುಚ್ಚಿ ನಿಲ್ಲಿಸಿದ್ದಳು.

“ಅವ್ವ ಹುಬ್ಬಳ್ಳಿಯಿಂದ ಕಳಿಸಿದ ಭಂಡಾರ ಒಂದು ಪುಡಿಕ್ಯಾಗ ಇತ್ತು. ತಂದಿದ್ನಿ,” ಎಂದಳು. “ಗೇಟಿನಾಗ ಕಸಗೊಂಡರು. ಏನು ಪುಡಿ ಇದು ಅಂತ ಆ ಗಾರ್ಡಮ್ಮ ಮೂಸಿ ನೋಡಿ ಸೀನಿದಳು.”

“ನನ್ನನ್ನೂ ಒಳಗೆ ಹಾಕಿಸ್ತಿದ್ರು ಇವರು,” ಎಂದ ಕ್ಲೆಮೆಂಟ್. “ಹಳದಿ ಪುಡಿ ಹಿಡಿದು ಜೈಲಿಗೆ ಬರುವವರು ಪ್ರಪಂಚದಲ್ಲಿ ಇವರೊಬ್ಬರೇ. ನಾನು ದೇವರಾಣೆ ಮಾಡಿ ಹೇಳಿದೆ, ಅದು ಅರಿಶಿನ ಅಂತ.”

ಕಾಳವ್ವ ಶ್ರುತಿಯ ಮುಖ ನೋಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಆವತ್ತು ಮನಿಗೆ ಹೋಗಿ ನಕ್ಕುಬಿಡೂನು ಅಂದಕೊಂಡೆ,” ಶ್ರುತಿ ತಗ್ಗಿದ ದನಿಯಲ್ಲಿ ಹೇಳಿದಳು. “ನಗು ಬರಲಿಲ್ಲ. ನಮ್ಮ ಮನಿಯವರ ಮುಂದ ಹೇಳಿಲ್ಲ, ಹೇಳಿದ್ರ ಬೈತಾರ. ನಾನು ಓದಿದಾಕಿ, ನಂಬೂದಿಲ್ಲ ಅಂತ ನನಗ ನಾನ ಹೇಳಕೋತಿದ್ನಿ. ಆದ್ರ ಮಗ ಮಲಗಿದಾಗ ಅವನ ಉಸಿರು ಕೇಳಕೋತ ಕುಂದ್ರತೀನಿ ಅಕ್ಕಾ. ನಂಬದಾಕಿ ಆಗಿದ್ರ ಹಂಗ ಯಾಕ ಕುಂದ್ರತಿದ್ನಿ?”

“ಹಂಗಾದರ ಬ್ಯಾಡ. ನಿಮಗ ಒಂದ ಕೂಸು.”

“ನಿಮಗೂ ಒಂದ.” ಶ್ರುತಿ ಎದ್ದು ನಿಂತಳು. ಸೆರಗಿನ ಪಿನ್ನು ಬಿಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಂಡಳು. ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದು ಉಡಿ ಒಡ್ಡಿದಳು. ಉಡಿ ನಡುಗುತ್ತಿತ್ತು. “ಲಗೂನ ಹಾಕ್ರಿ. ಇಲ್ಲಾಂದ್ರ ನನ್ನ ಮನಸ್ಸು ಬದಲಾಗತೈತಿ.”

ಆ ನಡುಕ ನೋಡಿ ಕಾಳವ್ವ ಎದ್ದಳು. ಇದು ಟಿಕೀಟು ಇಸಿದುಕೊಳ್ಳುವ ಕೈ ಆಗಿರಲಿಲ್ಲ. ಭಂಡಾರದ ಪುಡಿಕೆ ಹೋದರೂ ಶ್ರುತಿಯ ಉಗುರಿನ ಸಂದಿಯಲ್ಲಿ ಒಂದಿಷ್ಟು ಹಳದಿ ಉಳಿದಿತ್ತು. ಕಾಳವ್ವ ಆ ಬೆರಳು ಹಿಡಿದು ತನ್ನ ಹೆಬ್ಬೆರಳಿನಿಂದ ಅದನ್ನು ಒರೆಸಿಕೊಂಡಳು. ಬರಿಗೈಯನ್ನು ಉಡಿಯ ಮೇಲೆ ಹಿಡಿದು, ತುಟಿಯಲ್ಲೇ ಏನೋ ಹೇಳಿ, ಕೈ ತೆರೆದಳು. ಏನೂ ಬೀಳಲಿಲ್ಲ. ಆದರೆ ಉಡಿಗೆ ಒಂದು ಸೇರು ಕಾಳು ಬಿದ್ದ ಹಾಗೆ ಶ್ರುತಿ ಒಂದು ಹೆಜ್ಜೆ ಹಿಂದೆ ಸರಿದಳು. ಕ್ಲೆಮೆಂಟ್ ಬಾಗಿಲ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಮೇಲಿನ ಕೋರ್ಟಿನಲ್ಲಿ ಮೂವರು ಜಡ್ಜುಗಳು. ವಕೀಲೆ ಅರಬ್ಬಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಕಾಳವ್ವನ ಕನ್ನಡವನ್ನು ಶ್ರುತಿ ಇಂಗ್ಲಿಷಿಗೆ ತಿರುಗಿಸಬೇಕು, ಕೋರ್ಟಿನವನು ಅದನ್ನು ಅರಬ್ಬಿಗೆ ತಿರುಗಿಸಬೇಕು ಎಂದು ಒಪ್ಪಿಗೆಯಾಗಿತ್ತು. ನಡುವೆ ಕುಳಿತ ಹಿರಿಯ ಜಡ್ಜು ಕನ್ನಡಕ ತೆಗೆದು ಕೇಳಿದ ಪ್ರಶ್ನೆ ಹಾಗೇ ಎರಡು ಬಾಯಿ ದಾಟಿ ಕಾಳವ್ವನ ಹತ್ತಿರ ಬಂತು.

“ಪೋಲೀಸರು ಬಂದಾಗ ಬಾಗಿಲಿಗೆ ಹೊರಗಿಂದ ಬೀಗ ಇತ್ತಂತ. ಯಾರು ಹಾಕಿದ್ರು?”

ಎರಡು ವರ್ಷ ಮುಚ್ಚಿಟ್ಟ ಹೆಸರು ಅಷ್ಟು ಸುಲಭಕ್ಕೆ ಬರುವುದಿಲ್ಲ. ಕಾಳವ್ವ ಶ್ರುತಿಯ ಕಡೆ ನೋಡಿದಳು. ಶ್ರುತಿ ನೆಲ ನೋಡುತ್ತಿದ್ದಳು.

“ಸಾವಂತ್ರಕ್ಕ ಹಾಕಿದ್ದರಿ,” ಎಂದಳು. ಒಂದು ಬಂದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಸಾವಂತ್ರಕ್ಕನ ಪೂರ್ತಿ ಹೆಸರು, ಆ ಗಂಡಸಿನ ಹೆಸರು, ಪೈಪು, ರಟ್ಟು ಬಡಿದ ಕಿಟಕಿ, ಕಾಸಲಾರೆ ಎಂದ ದಿನ, ಎಣ್ಣೆ ಹಚ್ಚಿದ ಕೈ.

ಅವಳು ಹೇಳಿ ನಿಲ್ಲಿಸಿದಳು. ಶ್ರುತಿ ಬಾಯಿ ತೆರೆದಳು. ಏನೂ ಬರಲಿಲ್ಲ. ಈ ಹೆಸರು ಇಲ್ಲಿಯವರೆಗೆ ಕನ್ನಡದಲ್ಲಿ ಮಾತ್ರ ಹೊರಗೆ ಬಂದಿತ್ತು. ಈ ಕೋಣೆಯಲ್ಲಿ ಅದು ಅರ್ಥವಾದದ್ದು ಅವಳಿಗೆ ಮತ್ತು ಕ್ಲೆಮೆಂಟ್‌ಗೆ ಮಾತ್ರ. ಇನ್ನು ಅದನ್ನು ಜಡ್ಜಿಗೆ ಮುಟ್ಟಿಸಿ ಆಣೆ ಮುರಿಯುವುದು ಶ್ರುತಿಯ ಬಾಯಿ. ಅದು ಕಾಳವ್ವನಿಗೂ ಅದೇ ಗಳಿಗೆಗೆ ಹೊಳೆಯಿತು. ಕೋರ್ಟಿನವನು, “ಮೇಡಂ?” ಎಂದ. ಹಿರಿಯ ಜಡ್ಜು ಏನೋ ಕೇಳಿದರು. ವಕೀಲೆ ಮೇಜಿನ ಮೇಲೆ ಬೆರಳಿನಿಂದ ತಟ್ಟಿದಳು.

“ಬ್ಯಾಡಾಗಿದ್ದರ ಬಿಡ್ರಿ ಬಾಯಾರ,” ಎಂದಳು ಕಾಳವ್ವ ಮೆಲ್ಲಗೆ. “ಗೊತ್ತಿಲ್ಲ ಅಂದಳು ಅಂತ ಹೇಳ್ರಿ. ನಾ ಏನೂ ಅನಕೊಳ್ಳೂದಿಲ್ಲ.”

ಶ್ರುತಿ ಎರಡೂ ಕೈಯಲ್ಲಿ ತನ್ನ ದುಪಟ್ಟಾದ ಅಂಚನ್ನು ಹಿಡಿದುಕೊಂಡಳು. ಆಮೇಲೆ ಒಂದೇ ಉಸಿರಿನಲ್ಲಿ, ಗಡಬಡಿಸಿ, ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಮುಗಿಸಿ ಹೊರಗೆ ಓಡಿದಳು. ಮನೆಗೆ ಫೋನು ಮಾಡಲಿಕ್ಕೆ ಎಂದು ಕ್ಲೆಮೆಂಟ್ ಆಮೇಲೆ ಹೇಳಿದ.

ತೀರ್ಪು ಬಂದದ್ದು ಕೆಲವು ವಾರಗಳ ಮೇಲೆ. ತಪ್ಪಿಲ್ಲ ಎಂದು ಕೋರ್ಟು ಹೇಳಲಿಲ್ಲ. ಸಾರಾಯಿ ಕಾಸಿದ್ದು ನಿಜವೇ. ಆದರೆ ಕೂಡಿಹಾಕಿದವರ ಹಿಡಿತದಲ್ಲಿ ಕಾಸಿದ್ದು. ಆದ್ದರಿಂದ ಶಿಕ್ಷೆ ವಿಧಿಸುವುದಿಲ್ಲ ಎಂದಿತು. ವಕೀಲೆಗೆ ಇದು ಅರ್ಧ ಗೆಲುವು. ಪೂರ್ತಿ ಬಿಡುಗಡೆ ಕೇಳಿದ್ದೆವು ಎಂದು ಅವಳು ಬೇಸರಪಟ್ಟಳು. ಕಾಳವ್ವನಿಗೆ ಅರ್ಥವಾದದ್ದು ಎರಡೇ: ಜೈಲು ಮುಗಿಯಿತು, ಇಕಾಮಾ ಇಲ್ಲದವಳಾದ್ದರಿಂದ ಬೆರಳಚ್ಚು ಒತ್ತಿಸಿಕೊಂಡು ಊರಿಗೆ ಅಟ್ಟುತ್ತಾರೆ.

ತಲ್ಹಾದ ಗಡೀಪಾರು ಕೇಂದ್ರಕ್ಕೆ ಕ್ಲೆಮೆಂಟ್ ಒಬ್ಬನೇ ಬಂದ. ಕೈಯಲ್ಲಿ ಟಿಕೆಟ್ಟು, ಪಾಸ್‌ಪೋರ್ಟಿನ ಬದಲಿಗೆ ರಾಯಭಾರ ಕಚೇರಿ ಕೊಟ್ಟ ಬಿಳಿ ಕಾಗದ, ಶ್ರುತಿ ಕಳಿಸಿದ ಬಟ್ಟೆಯ ಚೀಲ.

“ಬಾಯಾರು ಬರಲಿಲ್ಲೇನ್ರಿ?”

“ಅವರ ಮಗುವಿಗೆ ಸ್ವಲ್ಪ ಹುಷಾರಿಲ್ಲ,” ಎಂದ ಕ್ಲೆಮೆಂಟ್. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. “ದೊಡ್ಡದೇನಲ್ಲ ಮಾರಾಯ್ರೆ. ಮೊನ್ನೆಯ ಧೂಳಿಗೆ ಇಡೀ ಕುವೈತಿಗೇ ಕೆಮ್ಮು. ನನಗೂ ಇದೆ, ನೋಡಿ.” ಕೆಮ್ಮಿ ತೋರಿಸಿದ.

“ಆಸ್ಪತ್ರ್ಯಾಗ ಅದಾನೇನ್ರಿ?”

ಕ್ಲೆಮೆಂಟ್ ಬಟ್ಟೆಯ ಚೀಲವನ್ನು ಅವಳ ಮುಂದಿಟ್ಟ.

“ಫೋನು ಹಚ್ಚಿ ಕೊಡ್ರಿ.”

ಅಲ್ಲಿ ಫೋನಿಗೆ ಅವಕಾಶವಿತ್ತು. ಬಹಳ ಹೊತ್ತು ರಿಂಗಾದ ಮೇಲೆ ಶ್ರುತಿ ಎತ್ತಿದಳು. ಹಿಂದುಗಡೆ ಯಾವುದೋ ಯಂತ್ರ ಭುಸುಗುಡುತ್ತಿತ್ತು, ನಡುವೆ ಕೂಸಿನ ಕೆಮ್ಮು.

“ಬಾಯಾರ, ನಾ ಕಾಳವ್ವ. ಅದನ್ನ ತಿರುಗಿ ಕೊಡ್ರಿ.”

“ಏನು ಅಕ್ಕಾ? ಏನು ಕೊಡೂದು?” ಎಂದಳು ಶ್ರುತಿ. ಏನೆಂದು ಅವಳಿಗೆ ಗೊತ್ತಿತ್ತು. “ಹಂಗೇನಿಲ್ಲ. ಇದು ಧೂಳಿಂದು. ಪ್ರತಿ ವರ್ಷ ಬರತೈತಿ, ಡಾಕ್ಟರ್ ಹೇಳ್ಯಾರ. ಈ ಸಲ ಸ್ವಲ್ಪ ಜಾಸ್ತಿ...”

“ಧೂಳಿಂದ ಇರಲಿ, ಯಾವುದರ ಇರಲಿ. ನಂದು ನನಗ ಕೊಡ್ರಿ.”

“ನೀವು ಊರಿಗೆ ಹೊಂಟೀರಿ. ಮಗಳ ಹಂತ್ಯಾಕ ಹೊಂಟೀರಿ.”

“ಹೌದ್ರಿ.”

ಯಂತ್ರ ಭುಸುಗುಡುತ್ತಲೇ ಇತ್ತು. ಶ್ರುತಿ ಬೇಡ ಎನ್ನುತ್ತಾಳೆ ಎಂದು ಕಾಳವ್ವ ಕಾದಳು. ಬೇಡ ಎಂದರೆ ಇನ್ನೊಂದು ಸಲ ಕೇಳಬೇಕು, ಮತ್ತೂ ಬೇಡ ಎಂದರೆ ಏನು ಮಾಡಬೇಕು ಎಂದು ಯೋಚಿಸುತ್ತಿದ್ದಳು. ಆ ಯೋಚನೆಯ ಅಡಿಯಲ್ಲಿ, ಬೇಡವೆಂದೇ ಹೇಳಲಿ ಎಂಬ ಒಂದು ಆಸೆಯೂ ಮುದುಡಿಕೊಂಡು ಕುಳಿತಿತ್ತು.

“ತಗೋರಿ,” ಎಂದಳು ಶ್ರುತಿ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ. ಆಮೇಲೆ ಅಳು. “ತಪ್ಪು ತಿಳಕೋಬ್ಯಾಡ್ರಿ ಅಕ್ಕಾ. ನನ್ನಿಂದ ಆಗವಲ್ದು. ಅವನ ತುಟಿ ನೀಲಿ ಆಗಿದ್ದು ನೋಡೀನಿ.”

“ತಪ್ಪೇನೈತ್ರೀ ಇದರಾಗ,” ಎಂದು ಕಾಳವ್ವ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಮೈಮೇಲಿದ್ದ ನೈಟಿಯ ಮುಂಭಾಗವನ್ನು ಸ್ವಲ್ಪ ಎತ್ತಿ ಉಡಿ ಮಾಡಿದಳು. ಪಕ್ಕದಲ್ಲಿದ್ದ ನೇಪಾಳದ ಹುಡುಗಿ ಅವಳನ್ನು ವಿಚಿತ್ರವಾಗಿ ನೋಡಿದಳು. “ತಗೊಂಡ್ನಿ. ಕೂಸಿನ ಕಡೆ ನೋಡ್ರಿ. ಬಿಸಿನೀರಾಗ ಓಮಕಾಳು ಹಾಕಿ ಹಬಿ ಹಿಡೀರಿ.”

ಫೋನು ಹಿಂದಕ್ಕೆ ಕೊಟ್ಟಳು. ಕ್ಲೆಮೆಂಟ್ ಅದನ್ನು ಜೇಬಿಗೆ ಹಾಕಿಕೊಂಡು, ಟಿಕೆಟ್ಟು ಮತ್ತು ಕಾಗದವನ್ನು ಅವಳ ಕೈಗಿಟ್ಟ.

“ಆಯ್ತು ಕಾಳಮ್ಮ, ಖುಷಿಯಿಂದ ಹೋಗಿ. ನಾಳೆ ಮುಂಬೈ. ನಾಡಿದ್ದು ಹುಬ್ಬಳ್ಳಿ, ಮಗಳು.”

“ಹುಬ್ಬಳ್ಳಿಗೆ ಈಗ ಹೋಗೂದಿಲ್ರಿ. ಇದನ್ನ ಉಡ್ಯಾಗ ಇಟಗೊಂಡು ಮಗಳ ಎದುರಿಗೆ ಹ್ಯಾಂಗ ನಿಂದರಲಿ? ಮೊದಲ ಸಾವಂತ್ರಕ್ಕನ ಊರಿಗೆ ಹೋಗತೀನಿ.”

“ಯಾರ ಊರಿಗೆ?” ಕ್ಲೆಮೆಂಟ್‌ನ ದನಿ ಏರಿತು. “ನಿಮ್ಮನ್ನು ಕೂಡಿಹಾಕಿ ಹೊಡೆಸಿದವಳು ಅವಳು! ಅವಳ ಹೆಸರು ಈಗ ಕೋರ್ಟಿನಲ್ಲಿದೆ. ಅವಳಿಗೆ ಗೊತ್ತಾದ್ರೆ ನಿಮ್ಮನ್ನು ಬಿಡ್ತಾಳಾ? ನಿಮಗೆ ತಲೆ ಸರಿ ಉಂಟಾ?”

“ಕಟ್ಟಿದಾಕೀನ ಬಿಚ್ಚಬೇಕಲ್ರೀ. ಕಾಲು ಹಿಡೀತೀನಿ. ದುಡಿ ಅಂದರ ದುಡೀತೀನಿ.”

“ಅವಳು ಬಿಚ್ಚದಿದ್ರೆ?”

ಹೊರಗೆ ಬಸ್ಸು ಬಂದು ನಿಂತಿತ್ತು. ಯಲ್ಲಾ ಯಲ್ಲಾ ಎಂದು ಗಾರ್ಡು ಹೆಂಗಸರನ್ನು ಸಾಲಿಗೆ ನಿಲ್ಲಿಸುತ್ತಿದ್ದ. ಕಾಳವ್ವ ಚೀಲ ಎತ್ತಿಕೊಂಡು ಸಾಲಿನ ಕಡೆ ಎರಡು ಹೆಜ್ಜೆ ಹೋಗಿ, ತಿರುಗಿ ಬಂದಳು.

“ಬಾಯಾರಿಗೆ ಇದನ್ನ ಹೇಳಬ್ಯಾಡ್ರಿ. ಮಗಳ ಕಡೆ ಹೋದಳು ಅಂತ ಹೇಳ್ರಿ.” ಸ್ವಲ್ಪ ತಡೆದು ಕೇಳಿದಳು, “ಮುಂಬೈಯಿಂದ ಸವದತ್ತಿಗೆ ಸೀದಾ ಬಸ್ಸು ಐತೇನ್ರಿ?”

“ಬೆಳಗಾವಿಯಲ್ಲಿ ಬದಲಾಯಿಸಬೇಕು,” ಎಂದ ಕ್ಲೆಮೆಂಟ್.